ಐವತ್ತನೆಯ ಹೆಸರು

ಅವಳನ್ನು ಎಲ್ಲರೂ ನಂಬರಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಈ ಅಡ್ಡಹೆಸರು ಬಂದದ್ದು ಟೆಲಿಫೋನ್ ಕಚೇರಿಯ ವಿಚಾರಣೆ ಹಾಲ್‌ನಿಂದ. ಈಗಿನವರಿಗೆ ಇದನ್ನು ಬಿಡಿಸಿಯೇ ಹೇಳಬೇಕು. ಆಗೆಲ್ಲ ಯಾರದ್ದಾದರೂ ನಂಬರ್ ಗೊತ್ತಿಲ್ಲದಿದ್ದರೆ ವಿಚಾರಣೆಗೆ ಫೋನ್ ಮಾಡಿ ಹೆಸರು ಹೇಳಬೇಕಿತ್ತು. ಆ ಕಡೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತವಳು ದಪ್ಪ ಡೈರೆಕ್ಟರಿ ತಿರುವಿ ನಂಬರ್ ಹೇಳುತ್ತಿದ್ದಳು. ಹೆಸರು ಕೊಟ್ಟರೆ ನಂಬರ್, ಕೆಲಸ ಇಷ್ಟೇ. ಇಷ್ಟೇ ಅನ್ನುವವರು ಆ ಕುರ್ಚಿಯಲ್ಲಿ ಒಂದು ದಿನ ಕೂತು ನೋಡಬೇಕಿತ್ತು. ಒಬ್ಬ ಹೆಸರು ಮರೆತು ಬರೀ ಬೀದಿ ಹೇಳುತ್ತಾನೆ, ಇನ್ನೊಬ್ಬಳು ಮೂಗು ಕಟ್ಟಿದ ದನಿಯಲ್ಲಿ ಅರ್ಧ ಹೆಸರು ನುಂಗುತ್ತಾಳೆ, ಮತ್ತೊಬ್ಬ ತನ್ನ ಹೆಂಡತಿಯ ತವರುಮನೆ ನಂಬರ್ ನಿಮಗೆ ಗೊತ್ತಿರಲೇಬೇಕು ಎಂಬಂತೆ ಗದರುತ್ತಾನೆ.

ಹಾಲ್‌ನಲ್ಲಿ ಎರಡು ಸಾಲು, ಹನ್ನೆರಡು ಕುರ್ಚಿ. ನಡುವೆ ಓಡಾಡುತ್ತಿದ್ದ ಮೇಲ್ವಿಚಾರಕಿಯ ಕೊರಳಲ್ಲಿ ಸರದ ಜಾಗದಲ್ಲಿ, ಗುಂಡಿ ಒತ್ತಿ ಸೆಕೆಂಡು ಅಳೆಯುವ ಸ್ಟಾಪ್‌ವಾಚ್ ಗಡಿಯಾರ ತೂಗಾಡುತ್ತಿತ್ತು. ಗಡಿಯಾರದಮ್ಮ ಯಾವ ಕುರ್ಚಿಯ ಹಿಂದೆ ಬಂದು ನಿಂತರೂ ಆ ಕುರ್ಚಿಯವಳ ಬೆನ್ನು ನೆಟ್ಟಗಾಗುತ್ತಿತ್ತು. ನಂಬರಕ್ಕನ ಬೆನ್ನು ಮಾತ್ರ ಇದ್ದ ಹಾಗೇ ಇರುತ್ತಿತ್ತು. ಅರ್ಧಕ್ಕರ್ಧ ಊರಿನ ನಂಬರುಗಳು ಅವಳ ನಾಲಿಗೆ ತುದಿಯಲ್ಲೇ ಇದ್ದವು, ಪುಸ್ತಕ ಮುಟ್ಟುವ ಗೋಜೇ ಇರಲಿಲ್ಲ. ಅವಳು ನಾಲ್ಕು ಸೆಕೆಂಡಿನಲ್ಲಿ ನಂಬರ್ ಹೇಳಿ ಮುಗಿಸಿದ್ದು ಆ ಹಾಲ್‌ನ ದಾಖಲೆ.

ಗಡಿಯಾರದಮ್ಮನ ಕಾನೂನು ಮೂರು. ತಡ ಮಾಡಿದರೆ "ಕೈ ಸ್ವಲ್ಪ ಚುರುಕು ಮಾಡಮ್ಮ" ಎಂದು ಬಿಟ್ಟುಬಿಡುತ್ತಿದ್ದಳು. ಹೆಸರು ಸಿಗದಿದ್ದರೆ ಎಲ್ಲರೂ ಒಂದೇ ಮಾತು ಹೇಳಬೇಕು: "ಆ ಹೆಸರಿನಲ್ಲಿ ಯಾರೂ ಇಲ್ಲ, ದಯವಿಟ್ಟು ಹೆಸರು ಸರಿಯಾಗಿದೆಯೇ ನೋಡಿಕೊಳ್ಳಿ." ಆದರೆ ಹಳೇ ನಂಬರ್ ಕೊಟ್ಟವರಿಗೆ ಮಾತ್ರ ಕ್ಷಮೆ ಇಲ್ಲ. ನಂಬರಕ್ಕ ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಸಲ ಆ ತಪ್ಪು ಮಾಡಿದ್ದಳು. ಒಬ್ಬಾತ ಡಾಕ್ಟರ ನಂಬರ್ ಕೇಳಿದ್ದ. ಹಿಂದಿನ ವಾರವಷ್ಟೇ ಅದು ಬದಲಾಗಿತ್ತು. ಬಾಯಿಪಾಠ ನೆಚ್ಚಿಕೊಂಡು ಹಳೆಯದನ್ನೇ ಹೇಳಿದಳು. ಹತ್ತು ನಿಮಿಷ ಬಿಟ್ಟು ಅದೇ ಮನುಷ್ಯ ಮತ್ತೆ ಕರೆ ಮಾಡಿದ. "ಅದು ಮರದ ಅಂಗಡಿಗೆ ಹೋಗ್ತಿದೆ ತಾಯಿ, ಬೇಗ ಸರಿಯಾದ್ದು ಕೊಡಿ," ಅಂದ, ದನಿ ನಡುಗುತ್ತಿತ್ತು. ಅವನ ಮನೆಯಲ್ಲಿ ಯಾರಿಗೆ ಏನಾಗಿತ್ತೋ, ಆಮೇಲೆ ಏನಾಯಿತೋ, ಅವಳಿಗೆ ಎಂದೂ ತಿಳಿಯಲಿಲ್ಲ. ಅವತ್ತಿನಿಂದ ಅವಳು ದಿನಾ ಬೆಳಿಗ್ಗೆ ಬದಲಾದ ನಂಬರುಗಳ ಪಟ್ಟಿ ಓದದೆ ಹೆಡ್‌ಫೋನ್ ಮುಟ್ಟುತ್ತಿರಲಿಲ್ಲ.

ಕಾಲ ಬದಲಾಯಿತು, ಹಾಲ್ ಮುಚ್ಚಿತು. ಅದೇ ಕಚೇರಿ ಊರಿಗೆ ಇಂಟರ್ನೆಟ್ ಕೊಡತೊಡಗಿತು. ಹನ್ನೊಂದು ಜನ ಹೆಂಗಸರು ಬಿಲ್ ಕೌಂಟರಿಗೆ ಹೋದರು. ನಂಬರಕ್ಕನನ್ನು ಯಾವ ಪುಣ್ಯಾತ್ಮನೋ ಎರಡನೇ ಮಹಡಿಯ ಯಂತ್ರದ ಕೋಣೆಗೆ ಹಾಕಿದ. ಅಲ್ಲಿನ ಎಂಜಿನಿಯರ್ ಡಿಎನ್‌ಎಸ್ ಸರ್ವರ್ ಅಂದರೇನು ಎಂದು ಬೋರ್ಡಿನ ಮೇಲೆ ಎರಡು ಗಂಟೆ ಗೆರೆ ಎಳೆದು ವಿವರಿಸಿದ. ಜನ ವೆಬ್‌ಸೈಟಿನ ಹೆಸರು ಒತ್ತುತ್ತಾರೆ, ಯಂತ್ರಕ್ಕೆ ಬೇಕಾದದ್ದು ನಂಬರು, ಹೆಸರು ಕೇಳಿ ನಂಬರ್ ಹೇಳುವುದಕ್ಕೆ ಈ ಸರ್ವರು. ನಂಬರಕ್ಕ ಪೂರ್ತಿ ಕೇಳಿಸಿಕೊಂಡು, "ಇದು ನಮ್ಮ ವಿಚಾರಣೆ ಹಾಲೇ ಅಲ್ವೇನ್ರಿ? ಕುರ್ಚಿಯಿಂದ ನಮ್ಮನ್ನ ಎಬ್ಬಿಸಿ ಡಬ್ಬಿ ಕೂರಿಸಿದೀರಿ," ಅಂದಳು. ಎಂಜಿನಿಯರ್ ಗೆರೆ ಅಳಿಸುವ ಬಟ್ಟೆ ಹಿಡಿದುಕೊಂಡು ನಕ್ಕುಬಿಟ್ಟ. ಎರಡು ಗಂಟೆಯ ಪಾಠ ಎರಡು ಮಾತಲ್ಲಿ ಮುಗಿದಿತ್ತು.

ಕೋಣೆಯಲ್ಲಿ ಅಂಥ ಡಬ್ಬಿ ಮೂರು. ಎರಡು ಹೊಸವು, ಒಂದೇ ದಿನ ಬಂದವು, ಅವಕ್ಕೆ ಅವಳು ಅವಳಿ ಎಂದು ಹೆಸರಿಟ್ಟಳು. ಮೂರನೆಯದು ಹಳೆಯದು, ಫ್ಯಾನಿನ ಸದ್ದು ಗೂರಲು ಕೆಮ್ಮಿನ ಹಾಗೆ. ಅದು ಅಜ್ಜ. ಅಜ್ಜನಿಗೊಂದು ಹಳೇ ಚಾಳಿ ಇತ್ತು. ಸಾಧಾರಣವಾಗಿ ಈ ಯಂತ್ರಗಳು ಒಂದು ಹೆಸರಿನ ನಂಬರನ್ನು ಹೊರಗೆ ಕೇಳಿ ತಿಳಿದುಕೊಂಡರೆ, ಇಷ್ಟು ಸೆಕೆಂಡು ಇದನ್ನು ನಂಬಬಹುದು ಎಂಬ ಗಡುವು ಉತ್ತರದ ಜೊತೆಗೇ ಬರುತ್ತದೆ. ಗಡುವು ಮುಗಿದ ಮೇಲೆ ಮತ್ತೆ ಹೊಸದಾಗಿ ಕೇಳಬೇಕು. ಅವಳಿಗಳು ಗಂಟೆಗೊಮ್ಮೆ ಕೇಳುತ್ತಿದ್ದವು. ಅಜ್ಜನನ್ನು ಮಾತ್ರ, ಹೊರಗಿನ ಲೈನು ದಿನಕ್ಕೆ ಹತ್ತು ಸಲ ಕಡಿದುಹೋಗುತ್ತಿದ್ದ ಕಾಲದಲ್ಲಿ, ಕೇಳಿದ್ದನ್ನು ಏಳು ದಿನ ಹಿಡಿದಿಟ್ಟುಕೊಳ್ಳುವ ಹಾಗೆ ಮಾಡಿಟ್ಟಿದ್ದರು. ಆಮೇಲೆ ಲೈನು ಸರಿಹೋಯಿತು, ಅಜ್ಜನ ಚಾಳಿಯನ್ನು ಯಾರೂ ಬಿಡಿಸಲಿಲ್ಲ. ನಂಬರಕ್ಕನ ಮೇಜಿನ ಕಂಪ್ಯೂಟರು ಕೇಳುತ್ತಿದ್ದದ್ದೂ ಅಜ್ಜನನ್ನೇ.

ಇನ್ನು ಮಗಳು. ಒಬ್ಬಳೇ ಮಗಳು, ಶಾಲೆಯಲ್ಲಿ ಕಂಪ್ಯೂಟರ್ ಟೀಚರು. ಮಧ್ಯಾಹ್ನ ಶಾಲೆ ಮುಗಿಸಿ ಅಮ್ಮನ ಕಚೇರಿಗೆ ಬಂದು, ಊಟದ ಡಬ್ಬಿಯಲ್ಲಿ ಉಳಿದದ್ದನ್ನು ಖಾಲಿ ಮಾಡಿ, ಇಬ್ಬರೂ ಒಂದೇ ಬಸ್ಸಿಗೆ ಮನೆಗೆ ಹೋಗುವುದು ರೂಢಿ. ಒಂದು ದಿನ ಬಂದು ನೋಡಿದರೆ ಅಮ್ಮ, ಗಡಿಯಾರದಮ್ಮ ನಿವೃತ್ತಿಯಾಗುವಾಗ ಕೊಟ್ಟುಹೋದ ಗಡಿಯಾರ ಕೈಲಿ ಹಿಡಿದು, ಪರದೆಯನ್ನು ದುರುಗುಟ್ಟಿಕೊಂಡು ನೋಡುತ್ತ ಕೂತಿದ್ದಾಳೆ.

"ಏನಮ್ಮಾ ಮಾಡ್ತಿದೀಯ?"

"ಮೂರರಲ್ಲಿ ಯಾವ್ದು ಬೇಗ ನಂಬರ್ ಹೇಳುತ್ತೆ ಅಂತ ನೋಡ್ತಿದೀನಿ ಕೂಸೇ."

"ಗಡಿಯಾರ ಹಿಡ್ಕೊಂಡಾ? ನಿನ್ ಹೆಬ್ಬೆರಳು ಗುಂಡಿ ಒತ್ತೋ ಹೊತ್ತಿಗೆ ಅವು ಉತ್ತರ ಹೇಳಿ, ಒಂದು ನಿದ್ದೆ ತೆಗ್ದು ಎದ್ದಿರ್ತವೆ."

ಅಷ್ಟು ನಕ್ಕವಳು ಸುಮ್ಮನಿರಲಿಲ್ಲ. ನಾಲ್ಕು ಭಾನುವಾರ ಅಡುಗೆಮನೆಯ ಮೇಜಿನ ಮುಂದೆ ಕೂತು ಒಂದು ಪುಟ್ಟ ಪ್ರೋಗ್ರಾಂ ಬರೆದಳು. ಚಿತ್ರವಿಲ್ಲ, ಗುಂಡಿಯಿಲ್ಲ. ಕಪ್ಪು ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ "ಯಾರುಬೇಗ" ಎಂದು ಒತ್ತಿ ಎಂಟರ್ ಹೊಡೆಯಬೇಕು, ಅಷ್ಟೇ. ಒಂದು ಫೈಲಿನಲ್ಲಿ ಸಾಲಿಗೊಂದರಂತೆ ಬರೆದಿಟ್ಟ ಹೆಸರುಗಳನ್ನು ಅದು ಮೂರೂ ಸರ್ವರಿಗೆ ಕೇಳಿ, ಸರಾಸರಿ ಎಷ್ಟು ಹೊತ್ತಿಗೆ ಹೇಳಿದವು, ಎಷ್ಟು ಹೆಸರಿಗೆ ಉತ್ತರ ಕೊಟ್ಟವು ಎಂದು ಸಾಲಾಗಿ ತೋರಿಸುತ್ತಿತ್ತು. ಹೆಸರಿನ ಪಟ್ಟಿ ಮಾಡಿದ್ದು ನಂಬರಕ್ಕ: ಆಸ್ಪತ್ರೆ, ಬಸ್ಸಿನ ವೇಳೆ, ಗ್ರಂಥಾಲಯ, ಹವಾಮಾನ, ಪತ್ರಿಕೆ, ಹೀಗೆ ಜನ ದಿನಾ ಕೇಳುವಂಥವು. ನಲವತ್ತೊಂಬತ್ತಕ್ಕೆ ನಿಂತಿತು. "ಐವತ್ತಾಗ್ಲಿ, ನೋಡೋಕೆ ಚೆಂದ," ಎಂದು ಮಗಳು ಕೊನೆಯ ಸಾಲಿನಲ್ಲಿ ತನ್ನ ಹೆಸರು ಬರೆದಳು. ಅವಳ ಹೆಸರಿನಲ್ಲೇ ಅವಳದೊಂದು ವೆಬ್ ಪುಟ ಇತ್ತು. ಅದರಲ್ಲಿ ಈ ಪ್ರೋಗ್ರಾಂ ಇಟ್ಟು, ಕೆಳಗೆ ಎರಡು ಸಾಲು ಬರೆದಿದ್ದಳು: "ಇದನ್ನು ನಮ್ಮಮ್ಮನಿಗೋಸ್ಕರ ಬರೆದೆ. ಅವಳಿಗಿಂತ ಬೇಗ ನಂಬರ್ ಹೇಳುವವರು ಇನ್ನೂ ಸಿಕ್ಕಿಲ್ಲ."

ಮೊದಲ ದಿನವೇ ನಂಬರಕ್ಕ ಒಂದು ಕೊಂಕು ತೆಗೆದಳು.

"ಎಲ್ಲಾ ಪಟಪಟ ಬರ್ತವೆ, ನಿನ್ ಹೆಸರೊಂದೇ ತಡ. ಸ್ಕೂಲಿಗೂ ಹಿಂಗೇ ಹೋಗ್ತಿದ್ದೆ ನೀನು."

"ನನ್ ಪುಟ ಎಲ್ಲೋ ದೂರದಲ್ಲಿದೆಯಮ್ಮ. ಬೇರೆ ಯಾರೂ ಕೇಳಲ್ವಲ್ಲ, ಯಾರಿಗೂ ನೆನಪಿರಲ್ಲ. ಇಲ್ಲಿಂದ ಕೇಳ್ಕೊಂಡು ಕೇಳ್ಕೊಂಡು ಅಲ್ಲೀವರೆಗೂ ಹೋಗಿ ಬರ್ಬೇಕು."

ಆ ಪುಟದ ಹೆಸರನ್ನು ಹೆಸರು ಮಾರುವ ಕಂಪನಿಯಲ್ಲಿ ಮೂರು ವರ್ಷಕ್ಕೆ ಒಟ್ಟಿಗೆ ಕಾಯ್ದಿರಿಸಿದಾಗ ಮಗಳು ತನ್ನ ಮೊಬೈಲ್ ನಂಬರಿನ ಜೊತೆ ಅಮ್ಮನ ಮೇಲ್ ವಿಳಾಸ ಕೊಟ್ಟಿದ್ದಳು. "ಅವಧಿ ಮುಗಿಯೋವಾಗ ನಿಂಗೇ ಪತ್ರ ಬರುತ್ತೆ. ನಾನು ಮರೆತ್ರೂ ನೀನು ಮರೆಯಲ್ಲ," ಅಂದಿದ್ದಳು. ನಂಬರಕ್ಕ ಊಟದ ಡಬ್ಬಿ ತೊಳೆಯುತ್ತ ಹ್ಞೂಂ ಅಂದಿದ್ದಳು.

ಆ ಮಾತಾಡಿ ವರ್ಷ ತುಂಬುವುದರೊಳಗೆ ಮಗಳು ಹೋದಳು. ಬಿಡದ ಜ್ವರ ಎಂದು ತೋರಿಸಲು ಹೋದರೆ ರಕ್ತದ ಕಾಯಿಲೆ ಅಂದರು, ಇಪ್ಪತ್ತೊಂದು ದಿನ ಆಸ್ಪತ್ರೆಯಲ್ಲಿಟ್ಟುಕೊಂಡರು, ಇಪ್ಪತ್ತೆರಡನೇ ದಿನ ಕೈಗೆ ಅವಳ ಬಟ್ಟೆಯ ಚೀಲ ಕೊಟ್ಟರು. ಇಪ್ಪತ್ತಾರು ವಯಸ್ಸು. ಇದನ್ನು ಹೇಗೆ ಹೇಳಿದರೂ ಇಷ್ಟೇ. ನಂಬರಕ್ಕನ ಎದೆ ಒಡೆದುಹೋಯಿತು, ಮತ್ತೆ ಕೂಡಲಿಲ್ಲ.

ಅವಳ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಮಾತು ಕಡಿಮೆ. ಮಗಳ ಫೋನು ಮನೆಯಲ್ಲಿ ರಿಂಗಾಗುತ್ತಲೇ ಇತ್ತು. ವಿಷಯ ತಿಳಿಯದ ಸ್ನೇಹಿತರು, ಶಾಲೆಯ ಮಕ್ಕಳ ತಾಯಂದಿರು. ಹದಿನೈದನೇ ದಿನ ಆತ ಅದನ್ನು ಜೇಬಿಗೆ ಹಾಕಿಕೊಂಡು ಹೋಗಿ ಸಂಪರ್ಕ ರದ್ದು ಮಾಡಿಸಿ ಬಂದ. "ಅದು ಹೊಡ್ಕೊಳ್ಳೋದು ನನ್ ಕೈಲಿ ಕೇಳೋಕಾಗ್ತಿಲ್ಲ ಕಣೇ," ಅಂದ. ನಂಬರಕ್ಕನೂ ತನ್ನ ಕೈಲಾದದ್ದು ಮಾಡಿದಳು. ಮೇಲ್ ತೆರೆದರೆ ಸಂತಾಪದ ಪತ್ರ, ಮಗಳ ಹೆಸರಿಗೆ ಬರುವ ಅಂಗಡಿ ಜಾಹೀರಾತು, ಹುಟ್ಟುಹಬ್ಬದ ಶುಭಾಶಯ. ಒಂದೊಂದೂ ಹೊಟ್ಟೆಗೆ ಚಾಕು ಹಾಕುತ್ತಿತ್ತು. ಮಗಳ ಹೆಸರಿರುವ ಪತ್ರ ಯಾವುದೇ ಬರಲಿ, ಕಣ್ಣಿಗೆ ಬೀಳದಂತೆ ಒಂದು ಫೋಲ್ಡರಿಗೆ ಹೋಗಿ ಬೀಳಲಿ ಎಂದು ನಿಯಮ ಮಾಡಿಟ್ಟಳು. ಆ ಫೋಲ್ಡರನ್ನು ತೆರೆಯಲಿಲ್ಲ.

ಪುಟವನ್ನೂ ತೆರೆಯಲಿಲ್ಲ. ಆ ಎರಡು ಸಾಲು ಓದುವ ಶಕ್ತಿ ಅವಳಿಗಿರಲಿಲ್ಲ. ಆದರೆ ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಕುರ್ಚಿಗೆ ಕೂತ ತಕ್ಷಣ ಕಪ್ಪು ಪರದೆಯ ಮೇಲೆ ಮಗಳ ಹೆಸರು ಒತ್ತಿ ಅಜ್ಜನನ್ನು ಕೇಳುತ್ತಿದ್ದಳು. ಅಜ್ಜ ಕೆಮ್ಮಿ, ನಂಬರ್ ಹೇಳುತ್ತಿದ್ದ. ನಾಲ್ಕು ಭಾಗದ ಆ ನಂಬರು ಅವಳಿಗೆ ಬಾಯಿಪಾಠವಾಗಿತ್ತು. ಕೂಸಿನ ಹೆಸರು ಹೇಳಿದರೆ ಇನ್ನೂ ಉತ್ತರ ಬರುತ್ತದೆ. ಎರಡು ವರ್ಷ ಅವಳು ಬದುಕಿದ್ದು ಅದರ ಮೇಲೆ. ಗಂಡನಿಗೂ ಇದನ್ನು ಹೇಳಿರಲಿಲ್ಲ.

ಈಚೆಗೆ ಕೋಣೆಗೆ ಹೊಸ ಮೇಡಂ ಬಂದಿದ್ದಳು. ಮಗಳದೇ ವಯಸ್ಸು. ಬರೀ ಆ ಕಾರಣಕ್ಕೆ ನಂಬರಕ್ಕ ಮೊದಲ ತಿಂಗಳು ಅವಳ ಜೊತೆ ಮುಖ ಕೊಟ್ಟು ಮಾತಾಡಿರಲಿಲ್ಲ. ಪಾಪ, ಆ ಹುಡುಗಿಯ ತಪ್ಪೇನು? ಒಂದು ಸೋಮವಾರ ಬೆಳಿಗ್ಗೆ ಅವಳು ಬಂದು, "ಅಕ್ಕ, ಮೂರರಲ್ಲಿ ಒಂದು ಸರ್ವರ್ ತೆಗೀಬೇಕು ಅಂತ ಮೇಲಿನವರು ಹೇಳ್ತಿದಾರೆ. ನಿಮ್ಮ ಯಾರುಬೇಗ ಓಡಿಸಿ ಒಂದು ವರದಿ ಕೊಡ್ತೀರಾ?" ಅಂದಳು.

ಹತ್ತು ಗಂಟೆಗೆ ನಂಬರಕ್ಕ ಓಡಿಸಿದಳು. ಅಜ್ಜ ಕೊನೆಯಲ್ಲಿ, ಅದರಲ್ಲೇನೂ ಹೊಸದಿಲ್ಲ. ಆದರೆ ಅವಳಿಗಳು ಹಿಂದಿನ ವಾರಕ್ಕಿಂತ ಬೇಗ ಹೇಳಿದ್ದವು. ಯಾರೂ ಏನೂ ರಿಪೇರಿ ಮಾಡಿಲ್ಲ, ಹೇಗೆ ಬೇಗ? ಸಾಲು ಸಾಲಾಗಿ ನೋಡುತ್ತ ಬಂದಳು. ನಲವತ್ತೊಂಬತ್ತೂ ಎಂದಿನ ಹಾಗೇ. ಐವತ್ತನೆಯದು, ಯಾವಾಗಲೂ ತಡವಾಗಿ ಬರುತ್ತಿದ್ದ ಅದು, ಕಣ್ಣು ಮಿಟುಕಿಸುವುದರೊಳಗೆ ಬಂದಿತ್ತು. ನಂಬರಕ್ಕನಿಗೆ ಒಂದು ಕ್ಷಣ ಖುಷಿಯೇ ಆಯಿತು. ಆಮೇಲೆ ಅವಳಿಗಳಲ್ಲಿ ಒಂದನ್ನು ಕೈಯಾರೆ ಕೇಳಿದಳು. ಅದು ಹೇಳಿತು: ಅಂಥ ಹೆಸರಿಲ್ಲ. ಇನ್ನೊಂದನ್ನು ಕೇಳಿದಳು. ಅಂಥ ಹೆಸರಿಲ್ಲ.

ಬೇಗ ಬಂದದ್ದು ಯಾಕೆಂದು ಆಗ ಹೊಳೆಯಿತು. ಇದ್ದ ಹೆಸರಿನ ನಂಬರ್ ತರಲು ದೂರ ಹೋಗಿ ಬರಬೇಕು. ಇಲ್ಲ ಅನ್ನುವುದನ್ನು ಹತ್ತಿರದ ಬಾಗಿಲಲ್ಲೇ ಹೇಳಿ ಕಳಿಸುತ್ತಾರೆ, ಅದಕ್ಕೇ ಬೇಗ. ಮಗಳು ಪ್ರೋಗ್ರಾಂ ಬರೆಯುವಾಗ ಒಂದು ತಪ್ಪು ಮಾಡಿದ್ದಳು. ಉತ್ತರ ಬಂದರೆ ಸಾಕು, ಒಂದು ಅಂಕ. ಆ ಉತ್ತರ "ಇಲ್ಲ" ಎಂದಾಗಿದ್ದರೂ ಅಂಕ. ಹಾಗಾಗಿ ಪಟ್ಟಿಯಲ್ಲಿ ಐವತ್ತಕ್ಕೆ ಐವತ್ತು ಎಂದೇ ಇತ್ತು.

ಅಜ್ಜನನ್ನು ಕೇಳಿದಳು. ಅಜ್ಜ ಕೆಮ್ಮಿ ಹಳೇ ನಂಬರನ್ನೇ ಹೇಳಿದ. ಹೆಸರಿಗೂ ನಂಬರಿಗೂ ನಡುವೆ ಗಡುವು ಬರೆದಿತ್ತು: ಎರಡು ಲಕ್ಷದ ಎಪ್ಪತ್ತೊಂಬತ್ತು ಸಾವಿರದ ಆರುನೂರು ಸೆಕೆಂಡು. ಮತ್ತೆ ಕೇಳಿದಳು, ಆರು ಕಡಿಮೆಯಾಗಿತ್ತು. ಕಾಗದದ ಮೇಲೆ ಭಾಗಿಸಿ ನೋಡಿದಳು. ಗುರುವಾರ ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಅಲ್ಲಿಯವರೆಗೆ ಲೋಕದಲ್ಲಿ ಅಜ್ಜನೊಬ್ಬನಿಗೆ ಅವಳ ಮಗಳ ಹೆಸರು ನೆನಪಿರುತ್ತದೆ.

ಎರಡು ವರ್ಷ ಮುಟ್ಟದ ಫೋಲ್ಡರನ್ನು ಅವಳು ಆಗ ತೆರೆದಳು. ಹೆಸರು ಮಾರುವ ಕಂಪನಿಯಿಂದ ಐದು ಪತ್ರ ಬಂದಿದ್ದವು. ನಿಮ್ಮ ಹೆಸರಿನ ಅವಧಿ ಮುಗಿಯುತ್ತಿದೆ. ಮುಗಿಯಿತು. ಇದು ಕೊನೆಯ ಸೂಚನೆ. ಶುಕ್ರವಾರದ ಪತ್ರ: ಹೆಸರನ್ನು ತೆಗೆದುಹಾಕಲಾಗಿದೆ. ಪ್ರತಿಯೊಂದರ ಮೇಲೂ ಮಗಳ ಹೆಸರಿತ್ತಲ್ಲ, ನಿಯಮ ಅದನ್ನೆಲ್ಲ ನಿಯತ್ತಾಗಿ ಒಯ್ದು ಒಳಗೆ ಹಾಕಿತ್ತು. ನಾನು ಮರೆತರೂ ನೀನು ಮರೆಯಲ್ಲ. ನಂಬರಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಯಂತ್ರಗಳ ಸದ್ದಿನಲ್ಲಿ ಅತ್ತಳು.

ಆಮೇಲೆ ಮುಖ ತೊಳೆದು ಕಂಪನಿಗೆ ಫೋನ್ ಮಾಡಿದಳು. ಆ ಕಡೆ ಒಬ್ಬ ತಾಳ್ಮೆಯ ಹುಡುಗಿ.

"ವಾಪಸ್ ತಗೋಬಹುದು ಮೇಡಂ, ಇನ್ನು ಐದು ದಿನ ಟೈಮ್ ಇದೆ. ಆದ್ರೆ ಹೆಸರಿನವರೇ ಮಾತಾಡ್ಬೇಕು. ನೀವೇನಾ ಅವರು?"

ಇಪ್ಪತ್ತೆರಡು ವರ್ಷ ಫೋನಿನಲ್ಲಿ ಒಂದೇ ಒಂದು ಸುಳ್ಳು ಹೇಳದಿದ್ದವಳು, "ಹೌದು, ನಾನೇ," ಅಂದಳು. ಹುಡುಗಿ ಹುಟ್ಟಿದ ದಿನ ಕೇಳಿದಳು. ಅದನ್ನು ಗಂಟೆ ನಿಮಿಷದ ಸಮೇತ ಹೇಳಬಲ್ಲವಳು ಬೇರೆ ಯಾರಿದ್ದಾರೆ? ಹೇಳಿದಳು.

"ಸರಿ ಮೇಡಂ. ಈಗ ನಿಮ್ಮ ಮೊಬೈಲಿಗೆ ಒಂದು ಒಟಿಪಿ ಬಂದಿರುತ್ತೆ, ಹೇಳಿ."

ಆ ಮೊಬೈಲ್ ಸಂಪರ್ಕವನ್ನು ಗಂಡ ಎಂದೋ ರದ್ದು ಮಾಡಿಸಿದ್ದ. ನಂಬರಕ್ಕ ನಿಜ ಹೇಳಿದಳು. ಹುಡುಗಿಯ ದನಿ ಮೆತ್ತಗಾಯಿತು, ಉತ್ತರ ಮೆತ್ತಗಾಗಲಿಲ್ಲ. ಮರಣ ಪತ್ರ ಕಳಿಸಬಹುದು, ಪರಿಶೀಲನೆಗೆ ಹದಿನೈದು ಕೆಲಸದ ದಿನ. ಅಷ್ಟರಲ್ಲಿ ಹೆಸರು ಬೇರೆಯವರಿಗೆ ಹೋಗುತ್ತದೆ, ಆಗಲೇ ಒಬ್ಬರು ಸಾಲಿನಲ್ಲಿದ್ದಾರೆ. ಒಟಿಪಿ ಹತ್ತು ನಿಮಿಷ ಇರುತ್ತದೆ, ಬೇಕಾದರೆ ಲೈನಿನಲ್ಲಿ ಕಾಯುತ್ತೇನೆ ಅಂದಳು.

ಆ ಮೊಬೈಲ್ ನಂಬರು ನಂಬರಕ್ಕನಿಗೆ ಮರೆಯುವಂಥದ್ದೇ? ಮೇಜಿನ ಮೇಲಿನ ಇನ್ನೊಂದು ಫೋನಿನಿಂದ ಒತ್ತಿದಳು. ರದ್ದಾದ ನಂಬರನ್ನು ಬೇರೆ ಯಾರಿಗೋ ಕೊಟ್ಟಿರಬೇಕು, ಎರಡು ವರ್ಷದ ಮೇಲೆ ಅದು ರಿಂಗಾಯಿತು. ಮೂರನೇ ರಿಂಗಿಗೆ ವಯಸ್ಸಾದ ಗಂಡಸಿನ ದನಿ ಬಂತು. ಹಿಂದೆ ಹೊಲಿಗೆ ಯಂತ್ರ ಓಡುತ್ತಿದ್ದ ಸದ್ದು.

"ಯಾರು ಬೇಕಾಗಿತ್ತು?"

"ಸ್ವಾಮಿ, ನಿಮ್ಮ ಫೋನಿಗೆ ಈಗಷ್ಟೇ ಒಂದು ನಂಬರ್ ಬಂದಿರುತ್ತೆ. ಅದನ್ನ ಸ್ವಲ್ಪ ಓದಿ ಹೇಳ್ತೀರಾ?"

ಹೊಲಿಗೆ ಯಂತ್ರ ನಿಂತಿತು.

"ಬಂದಿದೆ. ಆದ್ರೆ ಅದನ್ನ ಯಾರಿಗೂ ಹೇಳ್ಬಾರ್ದು ಅಂತ ಇಲ್ಲೇ ಬರ್ದಿದೆಯಲ್ಲಮ್ಮ."

"ಅದು ನನ್ನ ಮಗಳ ನಂಬರಾಗಿತ್ತು. ಅವಳು ಈಗಿಲ್ಲ. ಅವಳ ಹೆಸರಿಗೆ ಬಂದಿರೋದು ಅದು."

"ಹೋದ ತಿಂಗಳು ನಮ್ ತಮ್ಮಂಗೂ ಹಿಂಗೇ ಅತ್ಕೊಂಡು ಫೋನ್ ಮಾಡಿದ್ರಮ್ಮ. ಅವನ ದುಡ್ಡೆಲ್ಲ ಹೋಯ್ತು. ನೀವು ಅಂಥವರು ಅಂತಲ್ಲ. ತಪ್ಪು ತಿಳ್ಕೋಬೇಡಿ."

ನಂಬರಕ್ಕನ ಬಾಯಲ್ಲಿ ನೂರು ಮಾತು ಇತ್ತು. ಬೇಡಿಕೊಳ್ಳಬಹುದಿತ್ತು, ಜಗಳವಾಡಬಹುದಿತ್ತು. ಆದರೆ ಅಪರಿಚಿತರ ದನಿ ಕೇಳಿ ಕೇಳಿಯೇ ಅವಳ ಕೂದಲು ಹಣ್ಣಾಗಿತ್ತು, ಒಳ್ಳೆಯವರ ದನಿ ಅವಳಿಗೆ ಗೊತ್ತಾಗುತ್ತಿತ್ತು. ಆತ ಮಾಡುತ್ತಿದ್ದದ್ದು ಸರಿಯಾಗಿಯೇ ಇತ್ತು. "ಇಲ್ಲ ಸ್ವಾಮಿ, ನೀವು ಹೇಳಿದ್ದೇ ಸರಿ. ಯಾರಿಗೂ ಹೇಳ್ಬೇಡಿ," ಎಂದು ಫೋನ್ ಇಟ್ಟಳು. ಇನ್ನೊಂದು ಫೋನಿನಲ್ಲಿ ಕಾಯುತ್ತಿದ್ದ ಹುಡುಗಿಗೂ ಸಾಕಮ್ಮ, ಇಡು ಅಂದಳು.

ಸಂಜೆ ಮನೆಯಲ್ಲಿ ಗಂಡ ತಟ್ಟೆ ತೊಳೆಯುತ್ತ, "ಏನಾದ್ರೂ ಆಯ್ತಾ ಇವತ್ತು? ಮುಖ ಬಾಡಿದೆ," ಅಂದ. ಮೊಬೈಲ್ ಸಂಪರ್ಕ ಇದ್ದಿದ್ದರೆ ಎಂಬ ಮಾತು ಗಂಟಲವರೆಗೂ ಬಂತು. ಅದನ್ನು ಹೇಳಿದರೆ ಈ ಮನುಷ್ಯ ಇನ್ನುಳಿದ ಆಯುಷ್ಯಪೂರ್ತಿ ಅದನ್ನೇ ಹೊತ್ತುಕೊಂಡು ತಿರುಗುತ್ತಾನೆ ಎಂದು ಅವಳಿಗೆ ಗೊತ್ತಿತ್ತು. "ಏನಿಲ್ಲ, ಕೆಲಸ ಜಾಸ್ತಿ ಇತ್ತು," ಅಂದು ನುಂಗಿಕೊಂಡಳು.

ಮಂಗಳವಾರ ಮೇಡಂ ವರದಿ ಕೇಳಲು ಬಂದವಳು ನಂಬರಕ್ಕನ ಕೆಂಪು ಕಣ್ಣು ನೋಡಿ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. ನಂಬರಕ್ಕನಿಗೆ ಅದೇನು ಬುದ್ಧಿ ಬಂತೋ, ಎಲ್ಲ ಹೇಳಿಬಿಟ್ಟಳು. ಮೇಡಂ ತಡಮಾಡಲಿಲ್ಲ. "ಅಕ್ಕ, ಅಜ್ಜ ನಮ್ಮದೇ ಯಂತ್ರ ತಾನೇ? ಆ ಹೆಸರು, ಆ ನಂಬರು ಅದರಲ್ಲಿ ಕೈಯಾರೆ ಬರೆದುಬಿಡೋಣ. ಅದು ಯಾವತ್ತೂ ಮರೆಯಲ್ಲ. ಅಜ್ಜನ್ನ ತೆಗೀಬೇಡಿ ಅಂತ ನಾನು ಮೇಲಿನವರಿಗೆ ಬರೀತೀನಿ."

ಬರೆಯುವುದು ಒಂದು ಸಾಲಿನ ಕೆಲಸ. ನಂಬರಕ್ಕ ಕೀಲಿಮಣೆಯ ಮೇಲೆ ಕೈಯಿಟ್ಟಳು ಕೂಡ. ಎಷ್ಟು ಆಸೆಯಾಯಿತೆಂದರೆ ಹೆಸರಿನ ಮೊದಲ ಅಕ್ಷರ ಒತ್ತಿಯೂಬಿಟ್ಟಳು. ಆದರೆ ಕಂಪನಿ ಹೇಳಿದ ಆ ಐದು ದಿನ ಕಳೆದರೆ ಆ ಹೆಸರು ಬೇರೆ ಯಾರದ್ದೋ ಆಗುತ್ತದೆ. ಅವರನ್ನು ಹುಡುಕುವವರು ಅಜ್ಜನನ್ನು ಕೇಳಿದರೆ ಅವನು ಸತ್ತವಳ ವಿಳಾಸ ಹೇಳುತ್ತಾನೆ. ಬೇಗ ಸರಿಯಾದ್ದು ಕೊಡಿ ತಾಯಿ ಎಂದ ಆ ದನಿ ಅವಳ ಕಿವಿಯಲ್ಲಿ ಇನ್ನೂ ಇತ್ತು.

"ಬೇಡ ಮೇಡಂ. ಅದು ಹಳೇ ನಂಬರ್ ಕೊಟ್ಟಂಗಾಗುತ್ತೆ," ಅಂದಳು.

ಅವತ್ತೇ ಮಗಳ ಪ್ರೋಗ್ರಾಂ ತೆರೆದು ಆ ತಪ್ಪನ್ನು ತಿದ್ದಿದಳು. "ಉತ್ತರ ಬಂದರೆ ಸಾಕು" ಎಂದು ಮಗಳು ಪಕ್ಕದಲ್ಲೇ ಟಿಪ್ಪಣಿ ಬರೆದಿಟ್ಟಿದ್ದಳು. ನಂಬರಕ್ಕನಿಗೆ ಆ ಸಾಲು ಅಳಿಸಲು ಮನಸ್ಸು ಬರಲಿಲ್ಲ. ಸಾಲಿನ ಮುಂದೆ ಒಂದು ಗುರುತು ಹಾಕಿದರೆ ಯಂತ್ರ ಅದನ್ನು ಓದುವುದಿಲ್ಲ, ಮನುಷ್ಯರು ಓದಬಹುದು. ಹಾಗೆ ಗುರುತು ಹಾಕಿ, ಕೆಳಗೆ ತನ್ನ ಸಾಲು ಬರೆದಳು: ನಂಬರ್ ಬಂದರೆ ಮಾತ್ರ ಅಂಕ. ಮತ್ತೆ ಓಡಿಸಿದಳು. ಅವಳಿಗಳಿಗೆ ಐವತ್ತಕ್ಕೆ ನಲವತ್ತೊಂಬತ್ತು. ಅಜ್ಜನಿಗೆ, ಕೊನೆಯಲ್ಲಿ ಬಂದ ಅಜ್ಜನಿಗೆ, ಐವತ್ತಕ್ಕೆ ಐವತ್ತು. ಆ ಹಾಳೆಯನ್ನು ಎದೆಗೆ ಅವುಚಿಕೊಳ್ಳಬೇಕು ಎನಿಸಿತು. ಬದಲಿಗೆ ಅದರ ಕೆಳಗೆ ತನ್ನ ಕೈಬರಹದಲ್ಲಿ ಬರೆದಳು: "ಅಜ್ಜ ನಿಧಾನ, ಅದು ದೊಡ್ಡ ವಿಷಯವಲ್ಲ. ಹಳೇ ನಂಬರ್ ಕೊಡುತ್ತಿದ್ದಾನೆ. ನಿಲ್ಲಿಸಬೇಕು." ಮೇಡಂಗೆ ಕೊಡುವಾಗ ಒಂದೇ ಒಂದು ಮಾತು ಕೇಳಿದಳು. "ಗುರುವಾರ ನಾಲ್ಕು ಗಂಟೆವರೆಗೂ ಇರ್ಲಿ."

ಗುರುವಾರ ಮಧ್ಯಾಹ್ನ ಮೇಡಂ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ನಿಂತಳು, ಯಾರೂ ಒಳಗೆ ಹೋಗದ ಹಾಗೆ. ಮೂರೂವರೆಗೆ ನಂಬರಕ್ಕ ಹೆಸರು ಒತ್ತಿ ಕೇಳಿದಳು. ಆರುನೂರು ಸೆಕೆಂಡು. ಎರಡು ವರ್ಷದಲ್ಲಿ ಮೊದಲ ಸಲ ಪುಟವನ್ನೂ ತೆರೆದಳು. ದಾರಿ ಅಜ್ಜ ತೋರಿಸಿದ. ಇದನ್ನು ನಮ್ಮಮ್ಮನಿಗೋಸ್ಕರ ಬರೆದೆ. ಅವಳಿಗಿಂತ ಬೇಗ ನಂಬರ್ ಹೇಳುವವರು ಇನ್ನೂ ಸಿಕ್ಕಿಲ್ಲ. ಓದಿದಳು, ಮತ್ತೆ ಓದಿದಳು, ಎಷ್ಟು ಸಲವೋ. ಮತ್ತೆ ಕೇಳಿದಾಗ ನಲವತ್ತು ಸೆಕೆಂಡು ಉಳಿದಿತ್ತು. ಆಸ್ಪತ್ರೆಯಲ್ಲಿ ಆ ಕೊನೆಯ ಹೊತ್ತಿನಲ್ಲಿ ಅವಳನ್ನು ಹೊರಗೆ ಕಳಿಸಿದ್ದರು, ಕೈ ಹಿಡಿದುಕೊಳ್ಳಲು ಬಿಟ್ಟಿರಲಿಲ್ಲ. ಇಲ್ಲಿ ಯಾರೂ ಕಳಿಸಲಿಲ್ಲ. ಹತ್ತು. ನಾಲ್ಕು. ಒಂದು.

ಅಜ್ಜ ಕೆಮ್ಮಿದ, ಹೊರಗೆ ಹೋಗಿ ಕೇಳಿಬಂದ, ಹೇಳಿದ: ಅಂಥ ಹೆಸರಿಲ್ಲ.

"ಹೆಸರು ಸರಿಯಾಗೇ ಇದೆ ಕಣೋ," ಎಂದು ನಂಬರಕ್ಕ ಪರದೆಗೆ ಹೇಳಿದಳು. ಒಂದೊಂದೇ ಅಕ್ಷರ ನೋಡಿ ಮತ್ತೊಮ್ಮೆ ಒತ್ತಿದಳು. ಮತ್ತೆ ಅದೇ ಉತ್ತರ. ನಾಲ್ಕು ಗಂಟೆಗೆ ಎದ್ದು ಹೋಗಿ ಅಜ್ಜನ ಸ್ವಿಚ್ಚನ್ನು ತಾನೇ ಆರಿಸಿದಳು. ಫ್ಯಾನಿನ ಕೆಮ್ಮು ನಿಂತಿತು, ಕೋಣೆಯಲ್ಲಿ ಒಂದು ಸದ್ದು ಕಡಿಮೆಯಾಯಿತು.

ಪಟ್ಟಿಯ ಐವತ್ತನೆಯ ಸಾಲನ್ನು ಮಾತ್ರ ಅವಳು ತೆಗೆಯಲಿಲ್ಲ. ಮೇಡಂ ಕೇಳಲೂ ಇಲ್ಲ. ಮುಂದಿನ ಸೋಮವಾರಗಳಲ್ಲಿ ಅವಳಿಗಳು ನಲವತ್ತೊಂಬತ್ತು ಅಂಕ ತೋರಿಸಿದವು. ಕೇಳುವವರು ಇದ್ದಾರಲ್ಲ ಎಂಬುದೇ ಅವಳಿಗೊಂದು ಸಮಾಧಾನವಾಗಿತ್ತು.

ಐದನೇ ಸೋಮವಾರ ಅವಳು ಬರುವಷ್ಟರಲ್ಲಿ ಮೇಡಂ ಓಡಿಸಿಬಿಟ್ಟಿದ್ದಳು. ಮುಖದಲ್ಲಿ ಬೆಳಕಿತ್ತು. "ಅಕ್ಕ, ಬನ್ನಿ ಇಲ್ಲಿ. ಐವತ್ತಕ್ಕೆ ಐವತ್ತು ಬಂದಿದೆ. ಹೆಸರು ವಾಪಸ್ ಸಿಕ್ತಾ?"

ನಂಬರಕ್ಕ ಚೀಲ ಕೆಳಗಿಡದೆಯೇ ಬಗ್ಗಿ ನೋಡಿದಳು. ಮಗಳ ಹೆಸರಿನ ಮುಂದೆ ನಾಲ್ಕು ಭಾಗದ ನಂಬರಿತ್ತು, ಬೇರೆ ನಂಬರು. ಪುಟ ತೆರೆದಳು. ಕಿಟಕಿ ಪರದೆ ಮಾರುವ ಅಂಗಡಿ. ಮೇಲೆ ದೊಡ್ಡಕ್ಷರದಲ್ಲಿ ಅವಳ ಕೂಸಿನ ಹೆಸರು, ಕೆಳಗೆ ಹೂವಿನ ಬುಟ್ಟಾದ ಪರದೆಗಳು, ಎರಡು ಕೊಂಡರೆ ಒಂದು ಉಚಿತ.

ಅವಳು ಕುರ್ಚಿಗೆ ಕೂತು ಪಟ್ಟಿಯ ಫೈಲು ತೆರೆದಳು, ಕೊನೆಯ ಸಾಲಿಗೆ ಹೋದಳು, ಒಂದೊಂದೇ ಅಕ್ಷರ ಹಿಂದಿನಿಂದ ಅಳಿಸುತ್ತ ಬಂದಳು. ಗುರುತು ಹಾಕಿ ಉಳಿಸಿಕೊಳ್ಳಲಿಲ್ಲ.

"ಯಾಕಕ್ಕ ತೆಗೆದ್ರಿ? ಉತ್ತರ ಬರ್ತಿತ್ತಲ್ಲ," ಅಂದಳು ಮೇಡಂ.

"ಅದು ರಾಂಗ್ ನಂಬರ್ ಕಣಮ್ಮ," ಅಂದಳು ನಂಬರಕ್ಕ.